ಆ್ಯಪ್ ತೆರೆಯದಿದ್ದರೆ ಮೊದಲು ಏನು ಮಾಡಬೇಕು?



ಈ ಸಲದ ಗೋಡೆ ಪತ್ರಿಕೆಗೆ ಏನು ಬರೀತೀಯಾ ಅಂತ ವಿಜ್ಞಾನದ ಮೇಷ್ಟ್ರು ಕೇಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ನನಗೆ ಚೆನ್ನಾಗಿ ಗೊತ್ತಿರುವ ವಿಷಯ ಒಂದೇ ಇತ್ತು. ಅದನ್ನೂ ನಾನು ಓದಿ ಕಲಿತದ್ದಲ್ಲ, ತಪ್ಪು ಮಾಡಿ ಕಲಿತದ್ದು. ಹೇಳಿಕೊಳ್ಳಲು ನಾಚಿಕೆಯಾಯಿತು. ಆದರೆ ಮೇಷ್ಟ್ರು, "ನೀನು ಮಾಡಿದ ತಪ್ಪನ್ನು ಇನ್ನೊಬ್ಬ ಮಾಡದೆ ಇದ್ದರೆ ಅದೇ ಲಾಭ, ಬರಿ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ. ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿರುವ ಸಾಲುಗಳನ್ನು ನಿಮ್ಮ ನೋಟ್ ಬುಕ್ಕಿಗೆ ಇಳಿಸಿಕೊಳ್ಳಿ.

ನಡೆದದ್ದು ಏನು?

ನಮ್ಮ ಬೀದಿಯ ಮಹಿಳೆಯರ ಸಂಘದಲ್ಲಿ 15 ಜನ ಇದ್ದಾರೆ. ಒಬ್ಬೊಬ್ಬರು ವಾರಕ್ಕೆ 50 ರೂಪಾಯಿ ಕಟ್ಟುತ್ತಾರೆ. ಲೆಕ್ಕ ಇಡುವುದು ನಮ್ಮ ಅವ್ವ. ಅವ್ವ ಮೊದಲು ಫೋನಿನ ಒಂದು ಆ್ಯಪಿನಲ್ಲಿ ಬರೆದುಕೊಂಡು, ಬಿಡುವಾದಾಗ ಸಂಘದ ದೊಡ್ಡ ಪುಸ್ತಕಕ್ಕೆ ಏರಿಸುತ್ತಿದ್ದಳು. ಕಳೆ ತೆಗೆಯುವ ಕಾಲ ಬಂತು, ಹಸು ಈಯಿತು, ಹಂಗಾಗಿ 11 ವಾರದ ಲೆಕ್ಕ ಪುಸ್ತಕಕ್ಕೆ ಏರಲೇ ಇಲ್ಲ.

ಒಂದು ಸಂಜೆ ಅವ್ವ, "ಮಗ, ಇದ್ಯಾಕೋ ತೆಗೀತಾನೇ ಇಲ್ಲ ನೋಡೋ" ಅಂತ ಫೋನು ಕೊಟ್ಟಳು. ಆ್ಯಪನ್ನು ಒತ್ತಿದರೆ ಬಿಳಿ ಪರದೆ ಬರುವುದು, ಹೋಗುವುದು. ಮತ್ತೆ ಒತ್ತಿದರೂ ಅಷ್ಟೇ. ನಾನು ದೊಡ್ಡ ಪಂಡಿತನ ಹಾಗೆ ಸೆಟ್ಟಿಂಗ್ಸಿಗೆ ಹೋದೆ. ಅಲ್ಲಿ 'ಕ್ಲಿಯರ್ ಡೇಟಾ' ಅಂತ ಇತ್ತು. ಎಲ್ಲೋ ಒಂದು ವಿಡಿಯೋದಲ್ಲಿ ಹಂಗೆ ಮಾಡಿದ್ದನ್ನು ನೋಡಿದ್ದೆ. ಫೋನು, "ಎಲ್ಲ ಅಳಿಸಿ ಹೋಗುತ್ತದೆ, ಸರಿಯೇ?" ಅಂತ ಕೇಳಿತು ಕೂಡ. ನಾನು ಓದದೆ 'ಓಕೆ' ಒತ್ತಿದೆ.

ಆ್ಯಪ್ ತೆರೆಯಿತು. ಹೊಸದಾಗಿ ಹಾಕಿದ ಹಾಗೆ ಚೊಕ್ಕಟವಾಗಿ ತೆರೆಯಿತು. ಒಳಗೆ ಒಂದು ಅಕ್ಷರವೂ ಇರಲಿಲ್ಲ.

ಅವ್ವ ಬೈಯಲಿಲ್ಲ. ಸುಮ್ಮನೆ ಒಲೆ ಮುಂದೆ ಕೂತಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಮಾರನೆಯ ದಿನ ಸಂಘದವರು ನಮ್ಮ ಜಗುಲಿಯ ಮೇಲೆ ಸೇರಿದರು. ಬ್ಯಾಂಕಿನ ಪಾಸ್ ಬುಕ್ಕಿನಲ್ಲಿ 11 ವಾರಕ್ಕೆ ಒಟ್ಟು 7600 ರೂಪಾಯಿ ಜಮಾ ಆಗಿತ್ತು. ಎಲ್ಲರೂ ಪ್ರತಿ ವಾರ ಕಟ್ಟಿದ್ದರೆ 15 × 50 × 11 = 8250 ಆಗಬೇಕಿತ್ತು. ವ್ಯತ್ಯಾಸ 650. ಅಂದರೆ 13 ಕಂತು ಬಾಕಿ. ಯಾರ ಬಾಕಿ? ಅದು ಆ್ಯಪಿಗೆ ಮಾತ್ರ ಗೊತ್ತಿತ್ತು. ಒಬ್ಬರು ಅಜ್ಜಿ ಎದ್ದು, "ನಮ್ಮನೆ ಗೋಡೇಲಿ ವಾರಕ್ಕೊಂದು ಸುಣ್ಣದ ಗೀಟು ಎಳ್ದಿವ್ನಿ, ಬಂದು ಎಣಿಸ್ಕಳ್ಳಿ" ಅಂದರು. ಹೋಗಿ ಎಣಿಸಿದೆವು, 10 ಗೀಟು ಇದ್ದವು. "ಹೌದು, ಒಂದು ವಾರ ಮಗಳ ಮನೇಗೆ ಹೋಗಿದ್ದೆ" ಅಂದರು. ಹೀಗೆ ನೆನಪು ಮಾಡಿಕೊಂಡು ಮಾಡಿಕೊಂಡು 9 ಕಂತು ಯಾರದು ಅಂತ ಗೊತ್ತಾಯಿತು. ಉಳಿದ 4 ಕಂತು ಯಾರಿಗೂ ನೆನಪಾಗಲಿಲ್ಲ. ಆ 200 ರೂಪಾಯಿಯನ್ನು ಅವ್ವ ಹಾಲಿನ ದುಡ್ಡಿನಿಂದ ಹಾಕಿದಳು. ದುಡ್ಡಿಗಿಂತ ಹೆಚ್ಚಾಗಿ, 'ಲೆಕ್ಕದಲ್ಲಿ ಇವಳು ಗಟ್ಟಿ' ಅನ್ನುವ ಹೆಸರಿಗೆ ನನ್ನಿಂದ ಒಂದು ಕಪ್ಪು ಚುಕ್ಕೆ ಬಿತ್ತು.

ಸೋಮವಾರ ಮೇಷ್ಟ್ರಿಗೆ ಫೋನು ತೋರಿಸಿದೆ. ಅವರು ಮೊದಲು ನೋಡಿದ್ದು ಆ್ಯಪನ್ನಲ್ಲ, ಫೋನಿನಲ್ಲಿ ಜಾಗ ಎಷ್ಟಿದೆ ಅಂತ. 32 ಜಿಬಿ ಫೋನು ಕಂಠಪೂರ್ತಿ ತುಂಬಿತ್ತು. ಮದುವೆ ವಿಡಿಯೋ, ಶುಭೋದಯದ ಚಿತ್ರ, ಒಂದೇ ಹಾಡು ನಾಲ್ಕು ಸಲ. "ಜಾಗ ಇಲ್ಲದೆ ಆ್ಯಪ್ ತೆರೀತಿರ್ಲಿಲ್ಲ ಕಣಯ್ಯ. ನಾಲ್ಕು ವಿಡಿಯೋ ಅಳಿಸಿದ್ರೆ ಸಾಕಾಗ್ತಿತ್ತು. ನೀನು ಕಸ ಬಿಟ್ಟು ಕಣಜ ಗುಡಿಸಿದೆ" ಅಂದರು. ಆ ಮಾತು ನನಗೆ ನಾಟಿತು. ಅಂದಿನಿಂದ ಅವರ ಹತ್ತಿರ ಕೇಳಿ, ಶಾಲೆಯ ಕಂಪ್ಯೂಟರಿನಲ್ಲಿ ಮಾಡಿ ನೋಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಆ್ಯಪ್ ತೆರೆಯುವುದು ಅಂದರೇನು?

ಫೋನಿಗೂ ಕಂಪ್ಯೂಟರಿಗೂ ಎರಡು ಬಗೆಯ ಜಾಗ ಇರುತ್ತದೆ. ಒಂದು ಸ್ಟೋರೇಜ್. ಇದು ನಮ್ಮ ಮನೆಯ ಅಟ್ಟ ಇದ್ದ ಹಾಗೆ. ಸಾಮಾನು ಇಟ್ಟರೆ ಕರೆಂಟ್ ಹೋದರೂ ಅಲ್ಲೇ ಇರುತ್ತದೆ. ಇನ್ನೊಂದು ರ‍್ಯಾಮ್. ಇದು ಅಡುಗೆ ಕಟ್ಟೆ ಇದ್ದ ಹಾಗೆ. ಕೆಲಸ ನಡೆಯುವುದು ಇಲ್ಲಿ. ಫೋನು ಆರಿದರೆ ಕಟ್ಟೆ ಖಾಲಿಯಾಗುತ್ತದೆ.

ನಾವು ಆ್ಯಪಿನ ಚಿತ್ರ ಒತ್ತಿದಾಗ ಫೋನು ಅಟ್ಟದಿಂದ ಅದರ ಸಾಮಾನು ಇಳಿಸಿ ಕಟ್ಟೆಯ ಮೇಲೆ ಹರಡುತ್ತದೆ. ಆಮೇಲೆ ಆ್ಯಪ್ ತನ್ನ ಹಳೆಯ ಬರಹ ಓದುತ್ತದೆ. ಬೇಕಿದ್ದರೆ ಇಂಟರ್‌ನೆಟ್ ಮೂಲಕ ದೂರದ ಸರ್ವರನ್ನು ಮಾತಾಡಿಸುತ್ತದೆ. ಈ ದಾರಿಯಲ್ಲಿ ಎಲ್ಲಿ ಅಡ್ಡಿ ಬಂದರೂ ನಮಗೆ ಕಾಣುವುದು ಒಂದೇ: "ತೆರೀತಿಲ್ಲ." ಜ್ವರ ಒಂದೇ ಆದರೂ ಕಾರಣ ನೂರು ಇರುವ ಹಾಗೆ. ಹಾಗಾಗಿ ಮೊದಲು ಕಾರಣ ಹುಡುಕಬೇಕು, ಆಮೇಲೆ ಔಷಧಿ.

ಇನ್ನೆರಡು ಪದ ತಿಳಿದಿರಲಿ. ಕ್ಯಾಶ್ ಅಂದರೆ ಆ್ಯಪ್ ಬೇಗ ಕೆಲಸ ಮಾಡಲೆಂದು ಕೈಗೆ ಸಿಗುವಂತೆ ಇಟ್ಟುಕೊಂಡ ಸಾಮಾನು. ಅದು ಹೋದರೆ ಮತ್ತೆ ತಂದುಕೊಳ್ಳುತ್ತದೆ. ಡೇಟಾ ಅಂದರೆ ನಾವು ಬರೆದ ಲೆಕ್ಕ, ನಮ್ಮ ಲಾಗಿನ್, ನಮ್ಮ ಆಯ್ಕೆಗಳು. ಅದು ಹೋದರೆ, ಬೇರೆ ಕಡೆ ಪ್ರತಿ ಇಲ್ಲದಿದ್ದರೆ, ಹೋದ ಹಾಗೇ. ಸೆಟ್ಟಿಂಗ್ಸಿನಲ್ಲಿ ಈ ಎರಡು ಗುಂಡಿಗಳೂ ಪಕ್ಕಪಕ್ಕದಲ್ಲೇ ಇರುತ್ತವೆ. ಕೆಲವು ಫೋನುಗಳಲ್ಲಿ 'ಕ್ಲಿಯರ್ ಡೇಟಾ' ಬದಲು 'ಕ್ಲಿಯರ್ ಸ್ಟೋರೇಜ್' ಅಂತ ಇರುತ್ತದೆ. ಎರಡೂ ಒಂದೇ. ನಾನು ಎಡವಿದ್ದು ಇಲ್ಲೇ.

ಮುಖ್ಯ ಸೂತ್ರ: ಯಾವ ಕೆಲಸದಿಂದ ಏನೂ ಕಳೆಯುವುದಿಲ್ಲವೋ ಅದನ್ನು ಮೊದಲು ಮಾಡಿ. ಯಾವುದರಿಂದ ಹೆಚ್ಚು ಕಳೆಯುತ್ತದೋ ಅದನ್ನು ಕೊನೆಗೆ ಇಡಿ.

ಫೋನಿನಲ್ಲಿ ಮಾಡಬೇಕಾದ ಕ್ರಮ

1. ಕೇಳಿಕೊಳ್ಳಿ. ಒಂದೇ ಆ್ಯಪ್ ತೆರೆಯುತ್ತಿಲ್ಲವೋ, ಎಲ್ಲವೂ ಹಾಗೆಯೋ? ಯಾವಾಗಿನಿಂದ? ಅದಕ್ಕೆ ಮುಂಚೆ ಏನಾದರೂ ಹೊಸದಾಗಿ ಹಾಕಿದ್ದೆವೋ? ಪರದೆಯ ಮೇಲೆ ಬಂದ ಸಂದೇಶ ಏನು? ಅದನ್ನು ಇದ್ದ ಹಾಗೇ ಕಾಗದದಲ್ಲಿ ಬರೆದುಕೊಳ್ಳಿ. ಇಂಗ್ಲಿಷ್ ಅರ್ಥವಾಗದಿದ್ದರೆ ಟೀಚರಿಗೆ ತೋರಿಸಿ. (ಕಳೆಯುವುದು: ಏನೂ ಇಲ್ಲ.)

2. ಆ್ಯಪನ್ನು ಪೂರ್ತಿ ಮುಚ್ಚಿ ತೆರೆಯಿರಿ. ಹಿಂದೆ ಬಂದರೆ ಅದು ಮುಚ್ಚಿದಂತಲ್ಲ, ಮರೆಯಲ್ಲಿ ಕೂತಿರುತ್ತದೆ. ಸೆಟ್ಟಿಂಗ್ಸ್, ಆ್ಯಪ್ಸ್, ಆ ಆ್ಯಪಿನ ಹೆಸರು, ಅಲ್ಲಿ 'ಫೋರ್ಸ್ ಸ್ಟಾಪ್' ಒತ್ತಿ. (ಕಳೆಯುವುದು: ಉಳಿಸದೆ ಬಿಟ್ಟ ಅರ್ಧ ಬರಹ ಮಾತ್ರ.)

3. ಫೋನನ್ನು ರೀಸ್ಟಾರ್ಟ್ ಮಾಡಿ. ಪರದೆ ಆರಿಸಿ ಹಚ್ಚುವುದು ರೀಸ್ಟಾರ್ಟ್ ಅಲ್ಲ. ರೀಸ್ಟಾರ್ಟ್ ಆದಾಗ ಅಡುಗೆ ಕಟ್ಟೆ ತೊಳೆದ ಹಾಗಾಗುತ್ತದೆ. ಸಿಕ್ಕಿಹಾಕಿಕೊಂಡಿದ್ದ ಕೆಲಸಗಳೆಲ್ಲ ಹೋಗಿ ಹೊಸದಾಗಿ ಶುರುವಾಗುತ್ತದೆ. (ಕಳೆಯುವುದು: ಅಷ್ಟೇ, ಅರ್ಧ ಬರಹ.)

4. ಜಾಗ ನೋಡಿ. ಸೆಟ್ಟಿಂಗ್ಸಿನಲ್ಲಿ ಸ್ಟೋರೇಜ್ ಅಂತ ಇದೆ. ಪೂರ್ತಿ ತುಂಬಿದ್ದರೆ ಆ್ಯಪಿಗೆ ಒಂದು ಸಾಲು ಬರೆಯಲೂ ಜಾಗ ಸಿಗದೆ ನಿಂತುಹೋಗಬಹುದು. ವಾಟ್ಸಾಪಿನ ಸೆಟ್ಟಿಂಗ್ಸಿನಲ್ಲಿ 'ಸ್ಟೋರೇಜ್ ಆ್ಯಂಡ್ ಡೇಟಾ', ಅದರೊಳಗೆ 'ಮ್ಯಾನೇಜ್ ಸ್ಟೋರೇಜ್' ತೆಗೆದರೆ ದೊಡ್ಡ ವಿಡಿಯೋಗಳನ್ನು ಒಟ್ಟಿಗೆ ತೋರಿಸುತ್ತದೆ. ಮನೆಯವರನ್ನು ಕೇಳಿಯೇ ಅಳಿಸಿ. (ಕಳೆಯುವುದು: ನೀವೇ ಆರಿಸಿದ್ದು.)

5. ನೆಟ್, ತಾರೀಖು ನೋಡಿ. ಬೇರೆ ಆ್ಯಪಿನಲ್ಲಿ ನೆಟ್ ಬರುತ್ತಿದೆಯೇ? ಪಕ್ಕದ ಮನೆಯವರ ಫೋನಿನಲ್ಲಿ ಅದೇ ಆ್ಯಪ್ ತೆರೆಯುತ್ತಿದೆಯೇ? ಅವರದ್ದೂ ತೆರೆಯದಿದ್ದರೆ ತಪ್ಪು ನಿಮ್ಮ ಫೋನಿನದ್ದಲ್ಲ, ಸರ್ವರಿನದ್ದು ಇರಬಹುದು. ಆಗ ಕಾಯುವುದೇ ಜಾಣತನ. ತಾರೀಖು, ಗಂಟೆ ಸರಿಯಿದೆಯೇ ನೋಡಿ ಆಟೋಮ್ಯಾಟಿಕ್ಕಿಗೆ ಹಾಕಿ. (ಕಳೆಯುವುದು: ಏನೂ ಇಲ್ಲ.)

6. ಅಪ್‌ಡೇಟ್ ನೋಡಿ. ಪ್ಲೇ ಸ್ಟೋರಿನಲ್ಲಿ ಆ್ಯಪಿನ ಹೊಸ ಆವೃತ್ತಿ ಬಂದಿದ್ದರೆ ಹಾಕಿ. ಕೆಲವು ಫೋನುಗಳು ತೀರ ಹಳೆಯವಾಗಿರುತ್ತವೆ. ಉದಾಹರಣೆಗೆ, ಆಂಡ್ರಾಯ್ಡ್ 5ಕ್ಕಿಂತ ಹಳೆಯ ಫೋನಿನಲ್ಲಿ ಈಗ ವಾಟ್ಸಾಪ್ ನಡೆಯುವುದಿಲ್ಲ. ಅಂಥ ಫೋನನ್ನು ಎಷ್ಟು ಒರೆಸಿದರೂ ಪ್ರಯೋಜನವಿಲ್ಲ. (ಕಳೆಯುವುದು: ಸ್ವಲ್ಪ ನೆಟ್.)

7. ಕ್ಲಿಯರ್ ಕ್ಯಾಶ್. ಗುಂಡಿಯ ಹೆಸರನ್ನು ಎರಡು ಸಲ ಓದಿ ಒತ್ತಿ. (ಕಳೆಯುವುದು: ನಿಮ್ಮ ಬರಹ ಯಾವುದೂ ಅಲ್ಲ.)

8. ಕ್ಲಿಯರ್ ಡೇಟಾ, ಅಥವಾ ತೆಗೆದು ಮತ್ತೆ ಹಾಕುವುದು. ಇಲ್ಲಿಗೆ ಬಂದಾಗ ನಿಂತುಕೊಳ್ಳಿ. ಈ ಆ್ಯಪಿನ ಬರಹ ಬೇರೆ ಎಲ್ಲಾದರೂ ಇದೆಯೇ? ಇಮೇಲ್ ಖಾತೆಗೆ ಸೇರಿ ಬ್ಯಾಕಪ್ ಆಗಿದೆಯೇ? ಲಾಗಿನ್ ಮಾಡುವ ನಂಬರಿನ ಸಿಮ್ ಇದೆಯೇ, ಪಾಸ್‌ವರ್ಡ್ ಗೊತ್ತಿದೆಯೇ? ಎಲ್ಲಕ್ಕೂ 'ಹೌದು' ಅನ್ನುವ ತನಕ ಮುಟ್ಟಬೇಡಿ. (ಕಳೆಯುವುದು: ಆ ಆ್ಯಪಿನ ಎಲ್ಲವೂ.)

9. ಫ್ಯಾಕ್ಟರಿ ರೀಸೆಟ್. ಇದು ಮನೆ ಕೆಡವಿ ಕಟ್ಟಿದ ಹಾಗೆ. ಮನೆಯ ಹಿರಿಯರಿಗೂ, ತಿಳಿದವರಿಗೂ ಕೇಳದೆ ಯಾರೂ ಮಾಡಕೂಡದು. (ಕಳೆಯುವುದು: ಫೋನಿನೊಳಗಿನ ಎಲ್ಲವೂ.)

ನಾನು ಅಂದು 4ನೇ ಹೆಜ್ಜೆಯಲ್ಲಿ ಮುಗಿಯುವ ಕೆಲಸಕ್ಕೆ ನೇರವಾಗಿ 8ಕ್ಕೆ ಹಾರಿದ್ದೆ.

ನಮ್ಮ ಶಾಲೆಯ ಕಂಪ್ಯೂಟರಿನ ಕಥೆ

ಕಂಪ್ಯೂಟರ್ ಕೋಣೆಯಲ್ಲಿ ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ಯಾವ ವೆಬ್‌ಸೈಟೂ ತೆರೆಯುತ್ತಿರಲಿಲ್ಲ. 'ಸುರಕ್ಷಿತವಲ್ಲ' ಎಂದು ಕೆಂಪು ಗುರುತು ಬರುತ್ತಿತ್ತು. ವಿದ್ಯಾರ್ಥಿವೇತನದ ಅರ್ಜಿ ತುಂಬುವ ಹೊತ್ತು. ನೆಟ್ ಕೆಟ್ಟಿದೆ ಅಂತ ನಾವೆಲ್ಲ ತೀರ್ಮಾನಿಸಿದ್ದೆವು. ಪಕ್ಕದ ಕಂಪ್ಯೂಟರಿನಲ್ಲಿ ಮಾತ್ರ ಅದೇ ನೆಟ್ ಚೆನ್ನಾಗಿ ಬರುತ್ತಿತ್ತು!

ಮೇಷ್ಟ್ರು ಮೂಲೆಯಲ್ಲಿದ್ದ ಗಡಿಯಾರ ತೋರಿಸಿದರು. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಎಷ್ಟೋ ವರ್ಷ ಹಿಂದಿನ ಜನವರಿ 1. ಪ್ರತಿ ವೆಬ್‌ಸೈಟಿಗೂ ಒಂದು ಪ್ರಮಾಣಪತ್ರ ಇರುತ್ತದೆ. ಅದರಲ್ಲಿ 'ಇಂದಿನಿಂದ ಇಂದಿನವರೆಗೆ' ಎಂದು ತಾರೀಖು ಇರುತ್ತದೆ, ನಮ್ಮ ಬಸ್ ಪಾಸಿನ ಹಾಗೆ. ಕಂಡಕ್ಟರಿಗೇ ಇವತ್ತು ಯಾವ ವರ್ಷ ಅಂತ ಗೊತ್ತಿಲ್ಲದಿದ್ದರೆ ಸರಿಯಾದ ಪಾಸನ್ನೂ ಒಪ್ಪುವುದಿಲ್ಲ ಅಲ್ಲವೇ? ಹಾಗೇ ಆಗಿತ್ತು.

ಕಂಪ್ಯೂಟರ್ ಆರಿದ್ದಾಗಲೂ ಗಡಿಯಾರ ನಡೆಸಲು ಒಳಗೆ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಸಾಮಾನ್ಯವಾಗಿ ಅದರ ಹೆಸರು ಸಿಆರ್ 2032, 3 ವೋಲ್ಟ್. ಅದು ಸತ್ತಿತ್ತು. ಮೇಷ್ಟ್ರು ಪ್ಲಗ್ ಕಿತ್ತು, ಹೊಸ ಸೆಲ್ ಹಾಕಿ, ತಾರೀಖು ತಿದ್ದಿದರು. ಎಲ್ಲ ವೆಬ್‌ಸೈಟೂ ತೆರೆದವು. ಅರ್ಜಿ ಕೊನೆಯ ದಿನಕ್ಕೆ ಮುಂಚೆಯೇ ಹೋಯಿತು. (ಎಚ್ಚರಿಕೆ: ಈ ಸೆಲ್ಲನ್ನು ಚಿಕ್ಕ ಮಕ್ಕಳು ನುಂಗಿದರೆ ಪ್ರಾಣಕ್ಕೆ ಅಪಾಯ. ಹಳೆಯದನ್ನು ಕೈಗೆ ಸಿಗುವ ಹಾಗೆ ಬಿಸಾಡಬೇಡಿ.)

ಕಂಪ್ಯೂಟರಿನಲ್ಲಿ ಪ್ರೋಗ್ರಾಂ ತೆರೆಯದಿದ್ದರೆ ಇನ್ನೂ ಕೆಲವು ವಿಷಯ ನೆನಪಿಡಿ:

ಅ) ತೆರೆಯದ ಪ್ರೋಗ್ರಾಂ ಎಷ್ಟೋ ಸಲ ಒಳಗೇ ತೆರೆದುಕೊಂಡು ಸಿಕ್ಕಿಹಾಕಿಕೊಂಡಿರುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅಲ್ಲಿ ಆ ಹೆಸರನ್ನು ಆರಿಸಿ 'ಎಂಡ್ ಟಾಸ್ಕ್' ಕೊಟ್ಟು ಮತ್ತೆ ತೆರೆಯಿರಿ. ನಾಲ್ಕು ಸಲ ಡಬಲ್ ಕ್ಲಿಕ್ ಮಾಡುವುದರಿಂದ ಕಂಪ್ಯೂಟರ್ ಇನ್ನೂ ನಿಧಾನವಾಗುತ್ತದೆ, ಅಷ್ಟೇ.

ಆ) ವಿಂಡೋಸ್ 8ರ ನಂತರದ ಕಂಪ್ಯೂಟರುಗಳಲ್ಲಿ ಶಟ್ ಡೌನಿಗಿಂತ ರೀಸ್ಟಾರ್ಟ್ ಒಳ್ಳೆಯದು. ಬೇಗ ಶುರುವಾಗಲೆಂದು ಶಟ್ ಡೌನ್ ಮಾಡುವಾಗ ವಿಂಡೋಸ್ ತನ್ನ ಸ್ಥಿತಿಯನ್ನು ಸ್ವಲ್ಪ ಉಳಿಸಿಕೊಂಡು ಮಲಗಬಹುದು. ಹಳೆಯ ತೊಂದರೆಯೂ ಅದರ ಜೊತೆ ಉಳಿಯುತ್ತದೆ. ರೀಸ್ಟಾರ್ಟ್ ಮಾಡಿದರೆ ಎಲ್ಲ ಹೊಸದಾಗಿ ಶುರು. ಇದು ನನಗೆ ಬಹಳ ಆಶ್ಚರ್ಯ ತಂದ ವಿಷಯ.

ಇ) 64 ಬಿಟ್ ಪ್ರೋಗ್ರಾಂ 32 ಬಿಟ್ ವಿಂಡೋಸಿನಲ್ಲಿ ನಡೆಯುವುದಿಲ್ಲ. ಹಾಕುವ ಮುಂಚೆ ನೋಡಿಕೊಳ್ಳಿ.

ಈ) ಹಳೆಯ ವಿಂಡೋಸಿಗೆ ಹೊಸ ಪ್ರೋಗ್ರಾಂ ಬರುವುದು ನಿಲ್ಲುತ್ತದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಕ್ರೋಮ್ ಬ್ರೌಸರಿನ 2023ರ 110ನೇ ಆವೃತ್ತಿಯಿಂದ ಮುಂದಿನವು ಅದರಲ್ಲಿ ನಡೆಯುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ತಪ್ಪು ಯಾವಾಗಲೂ ನಮ್ಮದೇ ಅಲ್ಲ

ಆ್ಯಪ್ ತೆರೆಯದಿದ್ದರೆ ಅಜ್ಜಿಯಂದಿರು "ನಾನೇ ಏನೋ ಒತ್ತಿಬಿಟ್ಟೆ" ಅಂತ ಹೆದರುತ್ತಾರೆ. ಅವರಿಗೆ ಈ ಮೂರು ಘಟನೆ ಹೇಳಿ.

2021ರ ಮಾರ್ಚ್ 22ರಂದು ಲೋಕದ ಅನೇಕ ಕಡೆ ಆಂಡ್ರಾಯ್ಡ್ ಫೋನುಗಳಲ್ಲಿ ಜಿಮೇಲ್ ಮುಂತಾದ ಆ್ಯಪುಗಳು ತೆರೆದ ಕೂಡಲೇ ಮುಚ್ಚಿಕೊಳ್ಳತೊಡಗಿದವು. ಆ್ಯಪುಗಳ ತಪ್ಪಲ್ಲ. ಆ್ಯಪಿನ ಒಳಗೆ ವೆಬ್ ಪುಟ ತೋರಿಸಿಕೊಡುವ 'ವೆಬ್ ವ್ಯೂ' ಎಂಬ ಸಹಾಯಕ ಪ್ರೋಗ್ರಾಂನಲ್ಲಿ ದೋಷ ಬಂದಿತ್ತು. ಗೂಗಲ್ ಅದನ್ನು ಸರಿಪಡಿಸಿ ಹೊಸ ಆವೃತ್ತಿ ಕೊಟ್ಟಿತು. ವೆಬ್ ವ್ಯೂ, ಕ್ರೋಮ್ ಎರಡನ್ನೂ ಅಪ್‌ಡೇಟ್ ಮಾಡಿದವರ ಫೋನು ಸರಿಹೋಯಿತು.

2021ರ ಅಕ್ಟೋಬರ್ 4ರಂದು ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಸುಮಾರು 6 ಗಂಟೆ ನಿಂತುಹೋದವು. ಕಂಪನಿಯವರು ತಮ್ಮ ಜಾಲದ ರೂಟರುಗಳಲ್ಲಿ ಮಾಡಿದ ಒಂದು ಬದಲಾವಣೆ ಎಡವಟ್ಟಾಗಿತ್ತು. ಆ ರಾತ್ರಿ ಆ್ಯಪ್ ತೆಗೆದು ಮತ್ತೆ ಹಾಕಿದವರಿಗೆ ಶ್ರಮವೇ ಲಾಭ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ಇದು ಮೈಕ್ರೋಸಾಫ್ಟಿನ ಅಂದಾಜು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಕೈಬರಹದ ಪತ್ರಿಕೆ ಓದುತ್ತಿರುವ ನಾವು ಇದನ್ನು ನೆನಪಿಟ್ಟುಕೊಳ್ಳಬೇಕು!

ನಿಮಗಿದು ಗೊತ್ತೇ?

ಕಂಪ್ಯೂಟರಿನ ದೋಷಕ್ಕೆ 'ಬಗ್' ಅನ್ನುತ್ತಾರೆ, ಅಂದರೆ ಹುಳು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡಿನ ಮಾರ್ಕ್ 2 ಕಂಪ್ಯೂಟರಿನ ಒಂದು ರಿಲೇಯಲ್ಲಿ ನಿಜವಾಗಿಯೂ ಒಂದು ಪತಂಗ ಸಿಕ್ಕಿತು. ಅದನ್ನು ದಿನಚರಿ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿದರು. 'ಬಗ್' ಎಂಬ ಮಾತು ಅದಕ್ಕಿಂತ ಹಳೆಯದು. ಎಡಿಸನ್ನರು 1878ರಲ್ಲೇ ಅದನ್ನು ಬಳಸಿದ್ದರು.

ಮೋಸದ ಬಗ್ಗೆ ಎಚ್ಚರ

ಆ್ಯಪ್ ತೆರೆಯದೆ ಗಾಬರಿಯಾಗಿರುವಾಗಲೇ ಮೋಸ ಹೋಗುವುದು. ಆದ್ದರಿಂದ:

– ವಾಟ್ಸಾಪಿನಲ್ಲಿ ಬಂದ ಎಪಿಕೆ ಫೈಲನ್ನು ಹಾಕಿಕೊಳ್ಳಬೇಡಿ, ಅದು ಬ್ಯಾಂಕಿನ ಹೆಸರಲ್ಲಿ ಬಂದರೂ.
– ಗೂಗಲಿನಲ್ಲಿ ಹುಡುಕಿ ಸಿಕ್ಕ 'ಸಹಾಯವಾಣಿ' ನಂಬರನ್ನು ಹಾಗೇ ನಂಬಬೇಡಿ. ಬ್ಯಾಂಕಿನ ಪಾಸ್ ಬುಕ್ ಅಥವಾ ಕಾರ್ಡಿನ ಹಿಂದೆ ಇರುವ ನಂಬರನ್ನೇ ನೋಡಿ.
– ಯಾರು ಕೇಳಿದರೂ ಓಟಿಪಿ, ಪಿನ್ ಹೇಳಬೇಡಿ. ಅವರು ಹೇಳಿದರೆಂದು ನಿಮ್ಮ ಪರದೆ ಅವರಿಗೆ ಕಾಣುವ ಆ್ಯಪನ್ನು ಹಾಕಬೇಡಿ.
– ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳುತ್ತೇವೋ ಅಷ್ಟು ಒಳ್ಳೆಯದು.

ಅಭ್ಯಾಸ

1. ಕ್ಯಾಶ್ ಮತ್ತು ಡೇಟಾಗಳಿಗೆ ಇರುವ ವ್ಯತ್ಯಾಸವೇನು? ನಿಮ್ಮ ಮನೆಯ ಉದಾಹರಣೆ ಕೊಟ್ಟು ಬರೆಯಿರಿ.
2. ಒಂದು ಫೋನಿನಲ್ಲಿ ಯಾವ ಆ್ಯಪಿಗೂ ನೆಟ್ ಬರುತ್ತಿಲ್ಲ. ಪಕ್ಕದ ಫೋನಿನಲ್ಲಿ ಬರುತ್ತಿದೆ. ಮೊದಲು ಯಾವ ಎರಡು ವಿಷಯ ನೋಡುವಿರಿ?
3. ಇವತ್ತು ಮನೆಗೆ ಹೋಗಿ, ಮನೆಯ ಫೋನಿನಲ್ಲಿ ಎಷ್ಟು ಜಾಗ ಉಳಿದಿದೆ ನೋಡಿ ಬರೆದುಕೊಂಡು ಬನ್ನಿ. (ನೋಡಿ ಮಾತ್ರ. ಏನನ್ನೂ ಅಳಿಸಬೇಡಿ!)

ಕೊನೆಯ ಮಾತು

ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಸಂಘದ ದಿನ ರಾತ್ರಿ ಊಟ ಆದಮೇಲೆ ಅವ್ವ ಫೋನು ನೋಡಿ ಹೇಳುತ್ತಾಳೆ, ನಾನು ದೊಡ್ಡ ಪುಸ್ತಕಕ್ಕೆ ಬರೆಯುತ್ತೇನೆ. ಬರೆದ ಪುಟವನ್ನು ಫೋಟೋ ತೆಗೆದು ಸಂಘದ ಇನ್ನೊಬ್ಬರಿಗೆ ಕಳಿಸುತ್ತೇವೆ. ಒಂದು ಲೆಕ್ಕ ಮೂರು ಕಡೆ ಇದ್ದರೆ ಒಂದು ಕೆಟ್ಟರೂ ಎರಡು ಉಳಿಯುತ್ತದೆ. ಇದಕ್ಕೇ ಬ್ಯಾಕಪ್ ಅನ್ನುವುದು. ಸುಣ್ಣದ ಗೀಟು ಎಳೆಯುವ ಅಜ್ಜಿ ಈ ಪದ ಕೇಳಿ, "ಅದೇನು ಹೊಸಾದಾ? ನಾನು ಮಾಡ್ತಿರೋದೂ ಅದೇ ಕಣ್ಲಾ" ಅಂದರು. ಹೌದು, ಅದೇ.

ಮೊನ್ನೆ ಆ ಅಜ್ಜಿಯ ಫೋನಿನಲ್ಲೂ ಒಂದು ಆ್ಯಪ್ ತೆರೆಯದೆ ಹೋಯಿತು. ಅವ್ವನ ಹತ್ತಿರ ತಂದರು. ಅವ್ವ ಸ್ವಲ್ಪ ಯೋಚಿಸಿ ಫೋನನ್ನು ನನ್ನ ಕೈಗೇ ಕೊಟ್ಟಳು. ನಾನು ಮೊದಲು ಒಂದು ಕಾಗದ, ಪೆನ್ಸಿಲ್ ತಗೊಂಡು, "ಅಜ್ಜಿ, ಯಾವಾಗಿಂದ ಹಿಂಗಾಗಿದೆ?" ಅಂತ ಕೇಳಿದೆ. ರೀಸ್ಟಾರ್ಟ್ ಮಾಡಿದ ಮೇಲೆ ತೆರೆಯಿತು.

ತಾಳಿದವನು ಬಾಳಿಯಾನು ಎಂದು ಹಿರಿಯರು ಹೇಳಿದ್ದು ಫೋನಿಗೂ ಸಲ್ಲುತ್ತದೆ. ತಪ್ಪುಗಳಿದ್ದರೆ ತಿದ್ದಿ ಓದಿಕೊಳ್ಳಿ, ನನಗೂ ತಿಳಿಸಿ.

ಇಂತಿ ನಿಮ್ಮ ಗೆಳೆಯ,
9ನೇ ತರಗತಿ